ಕಾನ್ವೆಂಟ್ ಗಂಟಲು

ಅವತ್ತು ಬೆಳಿಗ್ಗೆಯೂ ಎಂದಿನಂತೆ ಹಾರ್ಮೋನಿಯಂ ಪೆಟ್ಟಿಗೆಯನ್ನು ಊಟದ ಮೇಜಿನಿಂದ ಕೆಳಗಿಳಿಸಿ, ಅದರಡಿ ಒಣಗಿದ್ದ ಕರಿಬೇವಿನ ಎಲೆಗಳನ್ನು ಬಳಿದು, ಸಾರಿಗೆ ಬೇಳೆ ಇಟ್ಟೆ. ನನಗೆ ಸಿಟ್ಟೇ ಬರುವುದಿಲ್ಲವೆಂದು ಬೀದಿಯವರೆಲ್ಲ ನಂಬಿದ್ದಾರೆ. ಬರುತ್ತದೆ. ಸಿಟ್ಟು ಬಂದಾಗ ಒಂದು ಲೋಟ ನೀರು ಕುಡಿಯಬೇಕೆಂದು ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದರು. ಮದುವೆಯಾದಂದಿನಿಂದ ನಾನು ಕುಡಿದ ನೀರನ್ನೆಲ್ಲ ಸೇರಿಸಿದ್ದರೆ ಬೈರಮಂಗಲದ ಕೆರೆ ಕೋಡಿ ಬೀಳುತ್ತಿತ್ತು.

ನಮ್ಮ ಯಜಮಾನರು ರಾಮನಗರದ ಹೈಸ್ಕೂಲೊಂದರಲ್ಲಿ ಸಂಗೀತ, ನಾಟಕದ ಮೇಷ್ಟ್ರು. ಮೀಸೆ ಚಿಗುರುವ ಮೊದಲೇ ನಾಟಕ ಕಂಪನಿ ಸೇರಿ, ಬಣ್ಣ ಹಚ್ಚಿ ಹಾಡಿ, ಆಮೇಲೆ ಮಕ್ಕಳಿಗೆ ಕಲಿಸಲು ಕೂತವರು. ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಹರಾಜು ಕೂಗುವವನು ಕೂಡ ಅವರ ಶಿಷ್ಯ. ದರ ಏರಿದಂತೆ ಅವನ ಶ್ರುತಿಯೂ ಏರುತ್ತದಂತೆ. ಊರಲ್ಲಿ ಕಲಿಯದೆ ಉಳಿದವಳು ನಾನೊಬ್ಬಳೇ. ಮದುವೆಯಾದ ಹೊಸದರಲ್ಲಿ ಆಸೆಯಿಂದ ಕೇಳಿದ್ದೆ. ನಮ್ಮ ಶಾಲೆಯ ಪ್ರಾರ್ಥನೆಯೊಂದನ್ನು ಹಾಡಿಸಿ, ಕಣ್ಣು ಮುಚ್ಚಿ ಕೇಳಿ, "ನಿಂದು ಕಾನ್ವೆಂಟ್ ಗಂಟಲು ಕಣೇ. ನೆಟ್ಟಗೆ ನಿಂತಿರುತ್ತೆ, ಬಗ್ಗಲ್ಲ" ಎಂದುಬಿಟ್ಟರು. ನೀರು ಕುಡಿದೆ. ಆದರೆ ಅವರ ಪಾಠ ನಡೆಯುವುದು ಅಡುಗೆಮನೆಯ ಪಕ್ಕದಲ್ಲೇ. ಬೇಳೆ ಬೇಯುವಾಗ ಪಲ್ಲವಿ, ಒಗ್ಗರಣೆ ಸಿಡಿಯುವಾಗ ಚರಣ. ಅವರ ಹಾಡುಗಳೆಲ್ಲ ನನಗೆ ಸಾರಿನ ಹದದಷ್ಟೇ ಗೊತ್ತು.

ಅವತ್ತು ಮಧ್ಯಾಹ್ನ ನಿವೃತ್ತಿಗೆ ಮುಂಚಿನ ಅವರ ಕೊನೆಯ ನಾಟಕ. ಅದು ಕೆಟ್ಟರೆ ಜೀವಮಾನವಿಡೀ ಕಲಿಸಿದ್ದೆಲ್ಲ ಮಣ್ಣುಪಾಲು ಎಂದು ವಾರದಿಂದ ಗೊಣಗುತ್ತಿದ್ದರು. ರೇಷ್ಮೆಗೆ ಚಿನ್ನದ ಬೆಲೆ ಬಂದು ರಾಗಿ ಹೊಲಗಳೆಲ್ಲ ಹಿಪ್ಪುನೇರಳೆಯಾಗಿದ್ದ ಕಾಲ. ನಮ್ಮ ಕಡೆ ಆಗ ನಾಟಕದ ದಿನವನ್ನು ಪಂಚಾಂಗ ನೋಡಿ ಇಡುತ್ತಿರಲಿಲ್ಲ, ಹುಳ ನೋಡಿ ಇಡುತ್ತಿದ್ದರು. ರಾಣಿಯ ಪಾತ್ರದ ಭಾಗ್ಯಳ ಅಪ್ಪ ಕೆಂಪಯ್ಯನನ್ನು ಕೇಳಿಯೇ ಇವರೂ ದಿನ ಗೊತ್ತುಮಾಡಿದ್ದರು. ಆ ಕೆಂಪಯ್ಯ ಈಗ ಬಾಗಿಲಲ್ಲಿ ನಿಂತಿದ್ದ.

"ಮೇಷ್ಟ್ರೇ, ಹುಳ ಹಣ್ಣಾಗ್ಬುಟ್ಟವೆ. ಭಾಗ್ಯ ಬರಾಕಿಲ್ಲ."

"ನಾಳೆ ಹಣ್ಣಾಗ್ತವೆ ಅಂದಿದ್ದೆಯಲ್ಲಯ್ಯ!"

"ನಾನಂದೆ. ಹುಳ ಒಪ್ಬೇಕಲ್ಲ? ಸೆಕೆಗೆ ಆಗ್ಲೇ ನೂಲು ಬುಡ್ತಾ ಅವೆ. ಈಗ್ಲೇ ಆರಿಸಿ ಗೂಡು ಕಟ್ಟಾಕೆ ಬಿದಿರು ಚಂದ್ರಿಕೆಗೆ ಬುಡ್ದೆ ಹೋದ್ರೆ ಮೇಯೋ ತಟ್ಟೇಲೇ ಕಟ್ಕಂಡು ಹಾಳಾಯ್ತವೆ. ನಮ್ಮವ್ವನೂ ಆರಿಸ್ತಾ ಕುಂತವ್ಳೆ. ರಾಣಿ ಒಬ್ಳು ಇಲ್ದಿದ್ರೆ ಏನಾಯ್ತದೆ, ಬುಡಿ."

ಕೆಂಪಯ್ಯ ಹೋದ. ಬದಲಿಗೆ ಶಬಾನಾ ಎಂಬ ಹುಡುಗಿ ಇದ್ದಳು. ಮಾತೆಲ್ಲ ಬಾಯಿಪಾಠ, ಆದರೆ ಹಾಡಲು ಹೊರಟರೆ ಅವರಪ್ಪನ ನೂಲು ಬಿಚ್ಚುವ ರಾಟೆಯೇ ವಾಸಿ. ಯಜಮಾನರು ತಲೆಯ ಮೇಲೆ ಕೈಹೊತ್ತು ಕೂತರು. ನಾನು ಸೌಟು ಹಿಡಿದೇ ರಾಣಿಯ ಪಲ್ಲವಿಯನ್ನು ಹಾಡಿದೆ. ಅವರು ಕತ್ತೆತ್ತಿ, ಮನೆಯಲ್ಲೇ ಇದ್ದು ಮರೆತುಹೋಗಿದ್ದ ಪಾತ್ರೆಯನ್ನು ನೋಡುವಂತೆ ನನ್ನನ್ನು ನೋಡಿ, "ಪರದೆ ಹಿಂದೆ ನಿಂತು ಹಾಡ್ತೀಯಾ? ಶಬಾನಾ ಬಾಯಾಡಿಸ್ತಾಳೆ. ನೀನು ಮಾತ್ರ ಯಾರಿಗೂ ಕಾಣಿಸ್ಬಾರ್ದು" ಎಂದರು. ಆ ಕೊನೆಯ ಮಾತಿಗೆ ಒಂದು ಲೋಟ ಸಾಲಲಿಲ್ಲ, ಚೊಂಬೆತ್ತಿದೆ.

ರಾಣಿ ರಾಜನನ್ನು ತರಾಟೆಗೆ ತೆಗೆದುಕೊಳ್ಳುವ ಹಾಡು ಅದು. ಬಣ್ಣದ ವಾಸನೆಯ ಪರದೆಗೆ ಮೂಗು ತಾಗಿಸಿಕೊಂಡು, ಪಕ್ಕದಲ್ಲೇ ಹಾರ್ಮೋನಿಯಂ ನುಡಿಸುತ್ತಿದ್ದವರ ಮುಖ ನೋಡುತ್ತಾ ಹಾಡಿದೆ. ಇಷ್ಟು ವರ್ಷ ಕುಡಿದು ನುಂಗಿದ್ದೆಲ್ಲ ಆ ಚರಣದಲ್ಲಿ ಹೊರಗೆ ಬಂತು. ಹಾರ್ಮೋನಿಯಂ ಮೇಲೆ ಅವರ ಬೆರಳು ಜಾರಿತು, ಮೊದಲ ಸಲ. ಚಪ್ಪಾಳೆ ನಿಲ್ಲಲೇ ಇಲ್ಲ. ಹೆಡ್‌ಮಾಸ್ಟರು ಇವರಿಗೆ ಹಾರ ಹಾಕಿ, ಕಲಿಸಿದರೆ ಹೀಗೆ ಕಲಿಸಬೇಕು ಎಂದರು. ಇವರು ಕೈಮುಗಿದರು. ಪರದೆಯ ಕಡೆ ತಿರುಗಲಿಲ್ಲ. ಮನೆಗೆ ಬರುವ ದಾರಿಯಲ್ಲಿ, "ಎರಡನೇ ಚರಣದಲ್ಲಿ ಶ್ರುತಿ ಒಂಚೂರು ಏರಿತು" ಎಂದರು.

"ಏರಿಸಿದ್ದೇ ನಾನು" ಎಂದೆ.

ಸಂಜೆ ನಲ್ಲಿಯ ಹತ್ತಿರ ಕೊಡ ಇಟ್ಟು ನಿಂತಿದ್ದೆ. ಜೀವಮಾನದ ಸಿಟ್ಟನ್ನೆಲ್ಲ ಇಡೀ ಶಾಲೆಯ ಮುಂದೆ ಹಾಡಿ ಮುಗಿಸಿದೆ, ಇನ್ನು ನೀರು ಬರೀ ಅಡುಗೆಗೆ ಎಂದುಕೊಳ್ಳುತ್ತಿರುವಾಗ, ನಾಟಕ ನೋಡಿ ಬಂದಿದ್ದ ಪಕ್ಕದ ಮನೆ ಜಯಮ್ಮ ಬಿಂದಿಗೆ ತೊಳೆಯುತ್ತಾ ಅಂದಳು:

"ಆ ರಾಣಿ ಹುಡ್ಗಿ ಏನ್ ಹಾಡುದ್ಲು ಅಕ್ಕಾ! ಅಂಥ ಗಂಡನ್ನ ಮನೇಲಿ ಮಡಿಕ್ಕಂಡು ನೀವು ಸುಮ್ಕೆ ಇದ್ದೀರಲ್ಲ, ಅವರ ತಾವ ನೀವೂ ಒಸಿ ಹಾಡು ಕಲ್ತ್ಕಬಾರ್ದಾ?"