ಸಂಪಿಗೆ ಮರದ ಕೆಳಗೆ ನೀಲಿ ಶರ್ಟು

“ನಿಮ್ಮ ಕವಿತೆಯಲ್ಲಿ ಸಂಪಿಗೆ ಮರ ಇದೆ. ಆದರೆ ನೀವು ಸಂಪಿಗೆ ಮರ ನೋಡಿಲ್ಲ,” ಎಂದು ಲಕ್ಷ್ಮೀಶ ಮೇಷ್ಟ್ರು ಹೇಳಿದ್ದೇ ಸಮರ್ಥನ ಗ್ರಹಚಾರಕ್ಕೆ ಮೊದಲಾಯಿತು. “ಹೋಗಿ ಒಂದು ಮರದ ಕೆಳಗೆ ನಿಂತ್ಕೊಳ್ಳಿ. ನೋಡಿ. ನಾಳೆ ಸಂಜೆ ಆರರೊಳಗೆ ಬೇರೆ ಬರ್ಕೊಂಡು ಬನ್ನಿ. ಇಲ್ಲಾಂದ್ರೆ ನಿಮಗೆ ವಂದನಾರ್ಪಣೆ ಇದ್ದೇ ಇದೆ.”

ಮೇಷ್ಟ್ರು ನಡೆಸುವ ಮಲ್ಲೇಶ್ವರದ ಶ್ರಾವಣ ಕವಿಗೋಷ್ಠಿಯಲ್ಲಿ ಮೂರು ವರ್ಷದಿಂದ ಸಮರ್ಥನ ಪಾಲಿಗೆ ಬಂದದ್ದು ವಂದನಾರ್ಪಣೆಯೊಂದೇ. ಎಂಟು ಕವಿಗಳು ಓದಿ ಮುಗಿಸಿ, ಕೇಳುಗರು ಚಪ್ಪಲಿ ಹುಡುಕತೊಡಗಿದಾಗ, ಇವನು ಮೈಕಿನ ಮುಂದೆ ನಿಂತು ಶಾಮಿಯಾನದವರಿಗೆ ಧನ್ಯವಾದ ಹೇಳಬೇಕು. ಶೇಷಾದ್ರಿಪುರದ ಕಾಲೇಜೊಂದರ ಆಫೀಸಿನಲ್ಲಿ ದಿನವಿಡೀ ಟಿ.ಸಿ. ಬರೆದುಕೊಡುವ ಅವನಿಗೆ ಎದ್ದು ಹೋಗುವವರನ್ನು ನೋಡಿ ನೋಡಿ ಸಾಕಾಗಿತ್ತು. ಈ ಸಲವಾದರೂ ಕೂತವರ ಮುಂದೆ ಓದಬೇಕು.

ಮರುದಿನ ಬೆಳಗಿನ ಐದೂವರೆಗೆ ವೈಯಾಲಿಕಾವಲ್‌ನ ಕೋಣೆಯಿಂದ ನೋಟ್‌ಬುಕ್ ಹಿಡಿದು ಹೊರಟ. ಮೇಷ್ಟ್ರ ಮನೆಯ ಬೀದಿಯಲ್ಲೇ ಹಳೆಯ ಕಾಂಪೌಂಡೊಂದರಿಂದ ಸಂಪಿಗೆ ಮರ ಹೊರಗೆ ಬಾಗಿತ್ತು. ಸಮರ್ಥ ಅದರ ಕೆಳಗೆ ನಿಂತು ಕತ್ತೆತ್ತಿದ. ಕಂಡದ್ದನ್ನೆಲ್ಲ ಗೀಚಿಕೊಂಡರೂ ಕವಿತೆ ಬರಲಿಲ್ಲ. ಕತ್ತು ನೋಯಿತು.

ಅಂದು ಶ್ರಾವಣ ಶುಕ್ರವಾರ ಎಂಬುದು ಅವನಿಗೆ ಮರೆತೇ ಹೋಗಿತ್ತು. ಅಂಥ ದಿನ ಆ ಬೀದಿಯಲ್ಲಿ ಹೂಗಳ್ಳರ ಸುಗ್ಗಿ. ವಾಕಿಂಗ್ ಶೂ ತೊಟ್ಟ ಸಭ್ಯರು ಕೊಕ್ಕೆ ಕೋಲು, ಪ್ಲಾಸ್ಟಿಕ್ ಕವರು ಹಿಡಿದು ಬಂದು, ಪಕ್ಕದವರ ಗಿಡ ಬೋಳಿಸಿ ತಮ್ಮ ದೇವರನ್ನು ಸಿಂಗರಿಸುತ್ತಾರೆ.

“ಏನ್ರೀ ಮಾಡ್ತಿದೀರಾ?”

ಗೇಟಿನೊಳಗೆ ಮನೆಯೊಡತಿ ಶೈಲಜಮ್ಮ ನಿಂತಿದ್ದರು. ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಲಟ್ಟಣಿಗೆ.

“ಮರ ನೋಡ್ತಿದೀನಿ ಮೇಡಂ.”

“ಯಾಕೆ?”

ಅಷ್ಟರಲ್ಲಿ ಎದುರುಮನೆಯ ಮುನಿಸ್ವಾಮಿ ತಲೆಗೆ ಟವೆಲು ಸುತ್ತಿಕೊಂಡೇ ಓಡಿ ಬಂದರು.

“ಕೊಕ್ಕೆ ಎಲ್ಲಯ್ಯ?”

“ತಂದಿಲ್ಲ ಸಾರ್.”

“ಕವರು?”

“ಇಲ್ಲ.”

“ನೋಡಿದ್ರಾ ಶೈಲಜಮ್ಮ? ಹೂವಿಗೆ ಬಂದೋನಲ್ಲ ಇವನು. ಬೇರೇನೋ ಪ್ಲಾನು.”

“ನಾನು ಕವಿ ಸಾರ್.”

“ಐಡಿ ಕಾರ್ಡ್ ಇದ್ಯಾ?”

ಮುನಿಸ್ವಾಮಿ ನೋಟ್‌ಬುಕ್ ಕಿತ್ತುಕೊಂಡು ಗಟ್ಟಿಯಾಗಿ ಓದಿದರು. “ಗೋಡೆ ತಗ್ಗು. ಕಿಟಕಿ ತೆರೆದಿದೆ. ನಾಯಿಯೂ ಇಲ್ಲ. ಏನಿದು?”

“ಅದು ಒಂಟಿತನ ಸಾರ್.”

“ಓಹೋ. ಅವರು ಒಬ್ರೇ ಇರೋದೂ ಗೊತ್ತು ನಿಂಗೆ. ಪೊಲೀಸ್ರಿಗೆ ಫೋನ್ ಮಾಡ್ರಮ್ಮ.”

ಸಮರ್ಥನ ಕಣ್ಣ ಮುಂದೆ ಸ್ಟೇಷನ್ನು, ಪ್ರಿನ್ಸಿಪಾಲರು, ತನ್ನದೇ ಟಿ.ಸಿ. ಸಾಲಾಗಿ ಹಾದುಹೋದವು. “ತಪ್ಪಾಯ್ತು,” ಎಂದು ಕೈಮುಗಿದ. “ಹೂ ಕದಿಯಕ್ಕೇ ಬಂದೆ. ಮನೇಲಿ ಲಕ್ಷ್ಮೀ ಪೂಜೆ.”

ಬಿಸಿ ಹೆಂಚಿಗೆ ನೀರು ಚಿಮುಕಿಸಿದ ಹಾಗೆ ಎಲ್ಲ ತಣ್ಣಗಾಯಿತು. “ಅಯ್ಯೋ, ದೇವರಿಗಾ? ಮೊದ್ಲೇ ಹೇಳ್ಬಾರ್ದೇನಪ್ಪ,” ಎಂದ ಶೈಲಜಮ್ಮ ಲಟ್ಟಣಿಗೆ ಕೆಳಗಿಳಿಸಿದರು. “ಈ ವಯಸ್ಸಲ್ಲಿ ಇಂಥಾ ಭಕ್ತಿ ಯಾರಿಗಿದೆ,” ಎಂದ ಮುನಿಸ್ವಾಮಿ ನೋಟ್‌ಬುಕ್ ಹಿಂದಿರುಗಿಸಿದರು. ಕಾಫಿ ಬಂತು, ಉಪ್ಪಿಟ್ಟು ಬಂತು, ಕವರಿನ ತುಂಬ ಸಂಪಿಗೆ ಬಂತು. “ಮುಂದಿನ ಸಲ ಕೊಕ್ಕೆ ತಗೊಂಡು ಬಾಪ್ಪ. ಸುಮ್ನೆ ನಿಂತ್ರೆ ಜನ ಏನಂದ್ಕೋಬೇಕು?”

ಉಪಚಾರ ಮುಗಿಯುವಷ್ಟರಲ್ಲಿ ಹೊತ್ತಾಗಿ, ಅದೇ ಬಟ್ಟೆಯಲ್ಲೇ ಆಫೀಸಿಗೆ ಓಡಿದ. ಎರಡು ಟಿ.ಸಿ.ಗಳ ನಡುವೆ ಕೂತು ‘ಓ ಸಂಪಿಗೆಯೇ, ನೀನು ಮೌನದ ಮಹಾಕಾವ್ಯ’ ಎಂದು ಶುರುಮಾಡಿ ನಲವತ್ತು ಸಾಲು ಬರೆದ. ಆರಕ್ಕೆ ಐದು ನಿಮಿಷವಿರುವಾಗ ಮೇಷ್ಟ್ರ ಮನೆ ತಲುಪಿದ.

ಮೇಷ್ಟ್ರು ಹಾಳೆ ಇಸಿದುಕೊಂಡು ಕಾಫಿ ಲೋಟದ ಕೆಳಗಿಟ್ಟರು. “ಜಾಗ ತುಂಬಿಹೋಯ್ತು ಸಮರ್ಥ. ನಿತ್ಯಜೀವನದ ಕಾವ್ಯ ಅಂದ್ರೆ ಏನು ಅಂತ ಕೇಳಿ ಇಲ್ಲಿ.” ಮೊಬೈಲನ್ನು ದೂರ ಹಿಡಿದು, ಸಾಲುಸಾಲಿಗೂ ನಿಲ್ಲಿಸಿ ಓದಿದರು.

“ಎಲ್ಲರ ಗಮನಕ್ಕೆ.
ನಮ್ಮ ಸಂಪಿಗೆ ಮರದ ಕೆಳಗೆ
ನೀಲಿ ಶರ್ಟಿನವನೊಬ್ಬ
ಹತ್ತು ನಿಮಿಷದಿಂದ ನಿಂತಿದ್ದಾನೆ.
ಹೂವು ಕೀಳುತ್ತಿಲ್ಲ.
ಸುಮ್ಮನೆ ನೋಡುತ್ತಿದ್ದಾನೆ.
ನನಗೆ ಭಯ ಆಗ್ತಿದೆ.”

ಸಮರ್ಥನ ಮೈ ಜುಮ್ಮೆಂದಿತು. ಮೂರು ವರ್ಷ ತಿಣುಕಿದರೂ ಇಂಥದೊಂದು ಸಾಲು ಅವನಿಗೆ ದಕ್ಕಿರಲಿಲ್ಲ.

“ಶೈಲಜಮ್ಮ ಬೆಳಿಗ್ಗೆ ನಮ್ಮ ಬೀದಿ ಗ್ರೂಪಿಗೆ ಹಾಕಿದ್ದು,” ಎಂದರು ಮೇಷ್ಟ್ರು. “ಕವಿತೆ ಬರೆದಿದೀನಿ ಅಂತ ಅವರಿಗೇ ಗೊತ್ತಿಲ್ಲ. ನಾಳೆ ಅವರೇ ಓದ್ತಾರೆ.”

“ಸಾರ್, ಆ ಮನುಷ್ಯ ನಾನೇ.”

ಮೇಷ್ಟ್ರು ಕನಿಕರದಿಂದ ನಕ್ಕರು. “ಎಲ್ಲರಿಗೂ ಹಾಗೇ ಅನ್ಸುತ್ತೆ. ಒಳ್ಳೇ ಕವಿತೆ ಲಕ್ಷಣವೇ ಅದು.”

“ನಿಜವಾಗ್ಲೂ ಸಾರ್. ಶರ್ಟ್ ನೋಡಿ.”

ಮೇಷ್ಟ್ರು ಮೊಬೈಲಿನಿಂದ ಕಣ್ಣೆತ್ತಲಿಲ್ಲ. “ಶರ್ಟು, ಹೌದು, ಎಂಥಾ ಪ್ರತಿಮೆ ನೋಡಿ. ಆದರೆ ಆಮೇಲೆ ಆ ಆಸಾಮಿ ಸಿಕ್ಕಿಬಿದ್ದನಂತೆ, ಹೂ ಕದಿಯಕ್ಕೆ ಬಂದೆ ಅಂತ ತಾನೇ ಒಪ್ಕೊಂಡನಂತೆ. ಎಲ್ಲರ ಹಾಗೆ ಮಾಮೂಲಿ ಕಳ್ಳ. ಅದನ್ನ ಎಲ್ಲೂ ಬಾಯಿ ಬಿಡ್ಬೇಡಿ, ಕವಿತೆ ಕೆಟ್ಟುಹೋಗುತ್ತೆ.”

ಆಮೇಲೆ ಮೂಗರಳಿಸಿದರು. “ಆ ಕವರಲ್ಲಿ ಸಂಪಿಗೇನಾ? ಒಳ್ಳೇದಾಯ್ತು, ಶೈಲಜಮ್ಮನಿಗೆ ಒಂದು ಹಾರ ಕಟ್ಟಿಸ್ಬಿಡಿ. ವಂದನಾರ್ಪಣೆ ಹೇಗೂ ನಿಮ್ಮದೇ, ಹಾರಾನೂ ನೀವೇ ಹಾಕಿ. ಇಷ್ಟು ಹೂ ಸಾಲಲ್ಲ, ಬೆಳಿಗ್ಗೆ ಎಲ್ಲಿಂದಾದ್ರೂ ಇನ್ನೊಂದಿಷ್ಟು ಕಿತ್ಕೊಂಡು ಬನ್ನಿ. ಬಾಗಿಲ ಹಿಂದೆ ನನ್ನ ಕೊಕ್ಕೆ ಇದೆ, ತಗೊಂಡು ಹೋಗಿ.”