ಬಸವನಹುಳು ಗೂಡು ಕಟ್ಟಿದ್ದು

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಹುಳ ಸಾಕುವುದರಲ್ಲಿ ಈ ಶಿಡ್ಲಘಟ್ಟದ ಕಡೆ ನನಗೆ ಪಾಠ ಹೇಳುವವರು ಇನ್ನೂ ಹುಟ್ಟಿಲ್ಲ. ಮದುವೆಯಾಗಿ ಬಂದಾಗಿನಿಂದ ರೇಷ್ಮೆಹುಳದ ಜೊತೆಗೇ ಸಂಸಾರ. ಗಂಡನಿಗಿಂತ ಹುಳಕ್ಕೇ ಹೆಚ್ಚು ಸಲ ಬಡಿಸಿದ್ದೇನೆ.

ನನ್ನ ಸೊಸೆ ಸವಿತಾ ಸ್ಕೂಲ್ ಟೀಚರು. ಅವಳು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಸವನಹುಳು ಸಾಕತೊಡಗಿದಳು. ಹಿಪ್ಪುನೇರಳೆ ತೋಟದಲ್ಲಿ ಅದನ್ನು ಕಂಡರೆ ನಾವು ಹೊಸಕಿ ಹಾಕುವವರು. ಇವಳು ಗುಂಡಣ್ಣ ಎಂದು ಹೆಸರಿಟ್ಟಳು!

ತೌರಿಗೆ ಹೊರಟಾಗ ಹೇಳಿದಳು: "ಅತ್ತೆ, ಸೋಮವಾರ ಗುಂಡಣ್ಣನ್ನ ಸ್ಕೂಲಿಗೆ ತಗೊಂಡು ಹೋಗ್ಬೇಕು. ಮಕ್ಕಳು ಕಾಯ್ತಾ ಇದ್ದಾರೆ. ದಿನಾ ಚೂರು ನೀರು ಚಿಮುಕ್ಸಿ, ಒಂದು ತುಂಡು ಸೌತೆಕಾಯಿ ಹಾಕಿ. ಬೇರೇನೂ ಮಾಡ್ಬೇಡಿ."

"ಹುಳ ಸಾಕೋದು ನನಗೇ ಹೇಳಿಕೊಡ್ತೀಯೇನಮ್ಮಾ? ಹೋಗ್ಬಾ!"

ಅವಳ ಬಸ್ಸು ಮಂಚೇನಹಳ್ಳಿ ಮುಟ್ಟುವ ಮೊದಲೇ ನಾನು ಡಬ್ಬಿಯ ತನಿಖೆ ಕೈಗೊಂಡೆ. ಮುಚ್ಚಳದ ಒಳಗೆಲ್ಲ ನೀರಿನ ಹನಿ! ತಳದಲ್ಲಿ ಒದ್ದೆ ಮಣ್ಣು! ಹುಳದ ಮನೆಯಲ್ಲಿ ಇಷ್ಟು ತೇವ ನಿಂತರೆ ಸುಣ್ಣಕಟ್ಟು ರೋಗ ಬಂದು ಹುಳಗಳೆಲ್ಲ ಬೆಳ್ಳಗೆ ಸೆಟೆದು ಸಾಯುತ್ತವೆ. ಟೀಚರಮ್ಮನಿಗೆ ಇದೆಲ್ಲ ಎಲ್ಲಿ ಗೊತ್ತು? ಕಂಬಿ ಕಾಯಿಸಿ ಮುಚ್ಚಳವನ್ನು ಜರಡಿ ಮಾಡಿದೆ. ಮಣ್ಣು ಎಸೆದು ಪೇಪರ್ ಹಾಸಿದೆ. ಫ್ಯಾನಿನ ಕೆಳಗೆ ಇಟ್ಟೆ. ನೀರು ಬಂದ್!

ಎರಡು ಮೂರು ದಿನದಲ್ಲಿ ಗುಂಡಣ್ಣ ಊಟ ಬಿಟ್ಟ. ಚಿಪ್ಪಿನೊಳಗೆ ಸೇರಿ, ಬಾಯಿಗೆ ಅಡ್ಡಲಾಗಿ ಬೆಳ್ಳನೆಯ ಪೊರೆ ಎಳೆದುಕೊಂಡು ಕೂತ. ಗೂಡಿಗೆ ಬಂದ ರೇಷ್ಮೆಹುಳದ ಹಾಗೇ ಊಟ ಬಿಟ್ಟಿದ್ದು, ಬಿಳಿ ಪೊರೆ. ಇನ್ನೇನು ಸಾಕ್ಷಿ ಬೇಕು? ಗೂಡು ಕಟ್ಟಿದ್ದಾನೆ!

ಪಕ್ಕದ ಮನೆ ರತ್ನಮ್ಮನನ್ನು ಕೂಗಿ ತೋರಿಸಿದೆ.

"ಅಕ್ಕಾ, ಬಸವನಹುಳು ಗೂಡು ಕಟ್ಟೋದು ಎಲ್ಲಾದ್ರೂ ಐತಾ?"

"ನನ್ನ ಕೈಗುಣ ಕಣೇ!"

ಅವಳು ಬಗ್ಗಿ ನೋಡಿದಳು. "ಚಚ್ಚಿಪೋಯಿಂದೇಮೋ ಅಕ್ಕಾ," ಎಂದು ತೆಲುಗಿನಲ್ಲಿ ಸಾವಿನ ಅನುಮಾನ ಎತ್ತಿದಳು. ಹೊಟ್ಟೆಕಿಚ್ಚು ಎಂದುಕೊಂಡೆ. ಸೊಸೆಗೆ ವಿಡಿಯೋ ಕಾಲ್ ಮಾಡಿ ಶುಭ ಸಮಾಚಾರ ತಿಳಿಸಿದೆ.

"ಅಯ್ಯೋ ಅತ್ತೆ! ಅದು ಗೂಡಲ್ಲ! ಒಣಗಿ ಹೋಗ್ಬಾರ್ದು ಅಂತ ಬಾಗಿಲು ಹಾಕ್ಕೊಂಡಿದೆ!"

ಫೋನ್ ಇಟ್ಟವಳೇ ಒಂದು ಚೊಂಬು ನೀರು ಸುರಿದೆ. ಆ ತೂತುಗಳಿಂದ ತೇವ ಹಾರಿಹೋಗಬಾರದಲ್ಲ? ಪ್ಲಾಸ್ಟಿಕ್ ಕವರ್ ಹೊದಿಸಿ ದಾರ ಬಿಗಿದೆ. ಎಳೇ ರೇಷ್ಮೆಹುಳಕ್ಕೂ ಹೊದಿಕೆ ಹಾಕುತ್ತೇವೆ. ಆದರೆ ಅವುಗಳನ್ನು ಕೆರೆಯಲ್ಲಿ ಮುಳುಗಿಸಿ ಹಾಕುವುದಿಲ್ಲ. ಅದು ಹೊಳೆದದ್ದು ಭಾನುವಾರ, ಸೊಸೆ ಬಂದು ದಾರ ಬಿಚ್ಚಿದಾಗ. ಕೊಳೆತ ಸೌತೆಕಾಯಿಯ ನಾತಕ್ಕೆ ರತ್ನಮ್ಮ ತನ್ನ ಮನೆ ಕಿಟಕಿ ಮುಚ್ಚಿದಳು. ಗುಂಡಣ್ಣ ಮುಚ್ಚಳದ ಹತ್ತಿರ ಜೋತುಬಿದ್ದಿದ್ದ. ಮುಟ್ಟಿದರೆ ಅಲ್ಲಾಡಲಿಲ್ಲ.

ಸೊಸೆ ಗುಂಡಣ್ಣನನ್ನು ಮೆಲ್ಲಗೆ ಬಿಡಿಸಿ ಒಂದು ತಟ್ಟೆಯಲ್ಲಿ ಇಟ್ಟಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು!

ಡಬ್ಬಿ ತೊಳೆದಳು. ಮುಚ್ಚಳದ ತೂತುಗಳಿಗೆ ಟೇಪು ಹಚ್ಚಿ, ಒಂದು ಪಕ್ಕ ಕೆಳಗೆ, ಎದುರು ಪಕ್ಕ ಮೇಲೆ ಸಣ್ಣ ಸಣ್ಣ ತೂತು ಮಾಡಿದಳು. ಹೊಸ ಮಣ್ಣು ಹಾಸಿ ಅರ್ಧಕ್ಕೆ ಮಾತ್ರ ನೀರು ಚಿಮುಕಿಸಿ, ಗುಂಡಣ್ಣನನ್ನು ಒಳಗಿಟ್ಟಳು.

"ಅರ್ಧ ಯಾಕಮ್ಮಾ ಒಣಗಿಸಿಟ್ಟೆ?"

"ಉಸಿರಾಡ್ಬೇಕು, ಒಣಗಬಾರ್ದು, ಎರಡೂ ಬೇಕು ಅತ್ತೆ. ಅದಕ್ಕೆ ಎಲ್ಲಿ ಹಿತವೋ ಅಲ್ಲಿಗೆ ಅದೇ ಹೋಗುತ್ತೆ."

ಇಷ್ಟು ವರ್ಷ ಹುಳಕ್ಕೆ ಏನು ಬೇಕೆಂದು ನಾನೇ ತೀರ್ಮಾನ ಮಾಡಿದೆ. ಇವಳು ಹುಳವನ್ನೇ ಕೇಳುತ್ತಾಳೆ! ಭಲೇ ಹೆಂಗಸು. ಅವಳೆದುರು ಹೇಳಲಿಲ್ಲ, ಇಲ್ಲಿ ಬರೆದಿದ್ದೇನೆ.

ಇಬ್ಬರೂ ಡಬ್ಬಿಯ ಮುಂದೆ ಕೂತೆವು. ನಾನು ಒಲೆಯ ಮೇಲಿನ ಸಾರನ್ನೂ ಮರೆತೆ. ಸಂಜೆಗೆ ಒಂದು ಕೊಂಬು ಹೊರಬಂತು. ಆಮೇಲೆ ಇನ್ನೊಂದು. ಗುಂಡಣ್ಣ ನಿಧಾನವಾಗಿ ಒದ್ದೆಯ ಕಡೆ ಹೊರಟ. ಸೋಮವಾರ ಸ್ಕೂಲಿಗೂ ಹೋದ.

ಮುಂದಿನ ಸಲ ತೌರಿಗೆ ಹೋಗುವಾಗ ಸೊಸೆ ಡಬ್ಬಿಯನ್ನು ರತ್ನಮ್ಮನ ಮನೆಯಲ್ಲಿ ಇಟ್ಟು ಹೋದಳು. ರತ್ನಮ್ಮ ಹುಟ್ಟಿದಾಗಿನಿಂದ ಒಂದು ಹುಳವನ್ನೂ ಸಾಕಿದವಳಲ್ಲ.

ಅದೇ ಅವಳ ಅರ್ಹತೆಯಂತೆ!