ಬೆನ್ನು ತೋರದ ನಾಲ್ವರು

ಬಟ್ಟೆಯಲ್ಲಿ ಸುಕ್ಕು ಕಂಡರೆ ಒಡೆಸ್ಸಾ ಚಿಕ್ಕಮ್ಮನಿಗೆ ಸಮಾಧಾನವಿರುತ್ತಿರಲಿಲ್ಲ. ಆ ಶನಿವಾರ ಬೆಳಿಗ್ಗೆ ಅವಳ ಕಣ್ಣಿಗೆ ಬಿದ್ದದ್ದು ಅಕ್ಕನ ಮಗ ಕ್ಲೈಡೆಲ್ ತಂದಿಟ್ಟಿದ್ದ ನಾಲ್ಕು ಸಾಸಿವೆ ಬಣ್ಣದ ಉಣ್ಣೆ ಸೂಟುಗಳು. ಇಸ್ತ್ರಿಗೆ ಮುಂಚೆ ಒಂದು ಸಲ ಬಿಸಿನೀರಿಗೆ ಅದ್ದಿದರೆ ಒಳ್ಳೆಯದೆಂದುಕೊಂಡಳು, ಅದ್ದಿದಳು. ಒಂಬತ್ತೂವರೆಗೆ ಕ್ಲೈಡೆಲ್‌ನ ಹಾಡಿನ ತಂಡದ ಗೆಳೆಯ ಥರ್ಮನ್ ಅವನ್ನು ಒಯ್ಯಲು ಬಂದಾಗ, ಹಿತ್ತಿಲ ಹಗ್ಗದ ಮೇಲಿದ್ದ ಸೂಟುಗಳು ಎಂಟು ವರ್ಷದವರಿಗೆ ಅಳತೆ ಕೊಟ್ಟು ಹೊಲಿಸಿದಂತಿದ್ದವು.

"ಅಂಗಡಿಯೋನು ಮೋಸ ಮಾಡಿದಾನೆ ಕಣಪ್ಪಾ," ಎಂದಳು ಚಿಕ್ಕಮ್ಮ. "ಒಳ್ಳೆ ಬಟ್ಟೆ ಆಗಿದ್ರೆ ನೀರಿಗೆ ಹೆದರ್ತಿತ್ತಾ?"

ಥರ್ಮನ್ ಗಡಿಯಾರ ನೋಡಿದ. ಮಧ್ಯಾಹ್ನ ಎರಡು ಗಂಟೆಗೆ ಹನ್ನೆರಡನೇ ಬೀದಿಯ ಥಿಯೇಟರಿನಲ್ಲಿ ಹಾಡುಗಾರರ ಸ್ಪರ್ಧೆಯಿತ್ತು. ಅದಕ್ಕೆ ರೆಕಾರ್ಡ್ ಕಂಪನಿಯ ಮಿಸೆಸ್ ಗೇನ್ಸ್ ಬರುವವರಿದ್ದರು. ಡೆಟ್ರಾಯಿಟ್‌ನಲ್ಲಿ ಆ ವರ್ಷ, ಅಂದರೆ ೧೯೬೧ರಲ್ಲಿ, ಪ್ರತಿ ಮೆಟ್ಟಿಲ ಕೆಳಗೂ ಮೂವರೋ ಐವರೋ ನಿಂತು ದನಿಗೆ ದನಿ ಕೂಡಿಸುತ್ತಿದ್ದರು. ಒಂದೇ ಬಣ್ಣದ ಸೂಟಿಲ್ಲದ ತಂಡವನ್ನು ಮಿಸೆಸ್ ಗೇನ್ಸ್ ಕಣ್ಣೆತ್ತಿಯೂ ನೋಡುವುದಿಲ್ಲವೆಂಬುದು ಎಲ್ಲರಿಗೂ ತಿಳಿದಿತ್ತು.

'ಬ್ರೂಸ್ಟರ್‌ಟೋನ್ಸ್' ತಂಡದಲ್ಲಿ ನಾಲ್ವರು. ಮುಂದೆ ನಿಂತು ಹಾಡುವವನು ಕ್ಲೈಡೆಲ್. ಮಂದ್ರಕ್ಕೆ ಹತ್ತೊಂಬತ್ತು ವರ್ಷದ, ಬೀರುವಿನಂಥ ಹೊರೇಸ್. ನಡುವಿನ ದನಿಗೆ ಲೆವಿ. ಮೇಲಿನ ದನಿ ಥರ್ಮನ್‌ನದು. ಹೆಜ್ಜೆ ಕಲಿಸಿದವನೂ ಅವನೇ. ಎಂಟು ತಿಂಗಳು ತಿದ್ದಿ ತೀಡಿ, ಹಾಡಿನ ಕೊನೆಗೆ ನಾಲ್ವರೂ ಒಟ್ಟಿಗೆ ಬುಗುರಿಯಂತೆ ಮೂರು ಸುತ್ತು ತಿರುಗುವುದನ್ನು ಕೂರಿಸಿದ್ದ.

ಇಷ್ಟೆಲ್ಲ ಹಟಕ್ಕೆ ಕಾರಣ ಮಿಸ್ಟರ್ ಪೆಟಿಫರ್ಡ್. ಅವರ ಅಂತ್ಯಕ್ರಿಯೆ ಸಂಸ್ಥೆಯಲ್ಲಿ ಥರ್ಮನ್‌ಗೆ ನಾಲ್ಕು ವರ್ಷದಿಂದ ಶವವಾಹನ ತೊಳೆಯುವ, ಓಡಿಸುವ ಕೆಲಸ. ಬೆಳಿಗ್ಗೆ ಏಳಕ್ಕೆ ತೊಳೆಯಬೇಕು, ಮಿಸ್ಟರ್ ಪೆಟಿಫರ್ಡ್ ಬಂದು ಬಿಳಿ ಕರವಸ್ತ್ರದಿಂದ ಚಕ್ರದ ನಡುವಿನ ಲೋಹದ ಬಟ್ಟಲು ಒರೆಸಿ ನೋಡುತ್ತಾರೆ, ಮತ್ತೆ ತೊಳೆಯಬೇಕು. ಮಿಸೆಸ್ ಗೇನ್ಸ್ ಇವತ್ತು ಒಪ್ಪಿದರೆ ಸೋಮವಾರದಿಂದ ಆ ಗಾಡಿಯನ್ನು ಮುಟ್ಟುವುದಿಲ್ಲ ಎಂದು ಥರ್ಮನ್ ಶಪಥ ಮಾಡಿದ್ದ. ಕೆಲಸ ಬಿಡುವಾಗ ಹೇಳಬೇಕಾದ ಮಾತುಗಳನ್ನು ಹಾಡಿಗಿಂತ ಚೆನ್ನಾಗಿ ಬಾಯಿಪಾಠ ಮಾಡಿಕೊಂಡಿದ್ದ.

ಈಗ ನಗರದಲ್ಲಿ ಒಂದೇ ಬಣ್ಣದ, ದೊಡ್ಡವರಿಗಾಗುವ ನಾಲ್ಕು ಸೂಟು ಅವನಿಗೆ ಗೊತ್ತಿದ್ದಂತೆ ಇದ್ದದ್ದು ಒಂದೇ ಕಡೆ.

ಪೆಟಿಫರ್ಡ್ ಅವರ ಉಗ್ರಾಣದಲ್ಲಿ ಪಾರಿವಾಳದ ಬಣ್ಣದ ಸೂಟುಗಳು ಸಾಲಾಗಿ ತೂಗುತ್ತಿದ್ದವು. ಕಾಲರಿಗೆ ರೇಷ್ಮೆ, ಎದೆಗೆ ಅಂಗಿಯ ಮುಂಭಾಗವೂ ಸೇರಿಸಿಯೇ ಹೊಲಿದದ್ದು. ಒಂದೇ ತೊಡಕು: ಅವು ಶವಪೆಟ್ಟಿಗೆಯಲ್ಲಿ ಮಲಗಿದವರಿಗೆ ತೊಡಿಸುವಂಥವು. ತೊಡಿಸಲು ಸುಲಭವಾಗಲೆಂದು ಕೋಟಿಗೂ ಪ್ಯಾಂಟಿಗೂ ಹಿಂಭಾಗವೇ ಇರಲಿಲ್ಲ. ಅಲ್ಲಲ್ಲಿ ಕಟ್ಟಲು ಲಾಡಿ, ಅಷ್ಟೆ. ಕೇಳಿ ತರುವಂತೆಯೂ ಇರಲಿಲ್ಲ. ಚರ್ಚಿನ ಡೀಕನ್, ಅಂದರೆ ಅಲ್ಲಿನ ಹಿರಿಯರಲ್ಲೊಬ್ಬರು, ಆಗಿದ್ದ ಮಿಸ್ಟರ್ ಪೆಟಿಫರ್ಡ್, ಪ್ರೇಮಗೀತೆಯನ್ನು ಶಿಳ್ಳೆ ಹಾಕಿದ್ದಕ್ಕೇ ಹಿಂದಿನ ಚಾಲಕನನ್ನು ಮನೆಗೆ ಕಳಿಸಿದ್ದರು. ಅವರು ಊಟಕ್ಕೆ ಹೋದ ಹೊತ್ತು ನೋಡಿ ಥರ್ಮನ್ ನಾಲ್ಕು ಸೂಟು ಹೊತ್ತು ನಡೆದ. ಹಿಂಭಾಗಕ್ಕೆ ಬಟ್ಟೆ ಹೊಲಿಯುವಂತಿರಲಿಲ್ಲ, ಸೂಜಿಯ ತೂತು ಕಂಡರೆ ಮುಗಿಯಿತು. ನಾಲ್ಕು ಗಂಟೆಯೊಳಗೆ ಮತ್ತೆ ತೂಗುಹಾಕಿದರಾಯಿತೆಂದು ಧೈರ್ಯ ತಂದುಕೊಂಡ.

ಥಿಯೇಟರಿನ ಹಿಂದಿನ ಕೋಣೆಯಲ್ಲಿ ಸೂಟು ತೊಟ್ಟು ಕ್ಲೈಡೆಲ್ ಕನ್ನಡಿಯ ಮುಂದೆ ನಿಂತ. ಮುಂದಿನಿಂದ ರಾಜಕುಮಾರನಂತಿದ್ದ. ಹಿಂದಿನಿಂದ ಸ್ನಾನಕ್ಕೆ ಹೊರಟವನಂತಿದ್ದ. ಹೊರೇಸ್‌ನ ಸ್ಥಿತಿ ಇನ್ನೂ ಕಷ್ಟದ್ದು. ಅವನ ತಾಯಿ ಅಲಬಾಮಾದಿಂದ ಬಂದವಳು, ಏನನ್ನೂ ಎಸೆಯುವವಳಲ್ಲ. ಮಗನ ಚಡ್ಡಿಯನ್ನು ಹಿಟ್ಟಿನ ಚೀಲದಲ್ಲಿ ಹೊಲಿದಿದ್ದಳು. ಗಿರಣಿಯ ಮುದ್ರೆ ಇನ್ನೂ ಮಾಸಿರಲಿಲ್ಲ.

ಯಾರೂ ತಿರುಗಬಾರದೆಂದು ಥರ್ಮನ್ ಕಟ್ಟಪ್ಪಣೆ ಮಾಡಿದ.

"ಮೂರು ಸುತ್ತು ಕಲಿಸಿದೋನು ನೀನೇ ಅಲ್ವೇನೋ?" ಎಂದ ಕ್ಲೈಡೆಲ್.

"ಕಲಿಸಿದೋನೂ ನಾನೇ, ಮರೀರಿ ಅಂತಿರೋನೂ ನಾನೇ. ಬರೋವಾಗ ಏಡಿ ಥರ ಬನ್ನಿ. ಹೋಗೋವಾಗ ಹಿಂದೆ ಹಿಂದೆ ಹೋಗಿ. ಯಾವನಾದ್ರೂ ತಿರುಗಿದ್ರೆ, ಸಾಯೋತನಕ ಈ ಬೀದೀಲಿ ಅವನನ್ನ ಅವನ ಹೆಸರಿಂದ ಯಾರೂ ಕರೆಯಲ್ಲ."

ಇಷ್ಟರಲ್ಲಿ ಇನ್ನೊಂದು ಕಡೆ ಕೆಲಸ ಕೆಟ್ಟಿತ್ತು. ಸೂಟು ಎಲ್ಲಿಂದ ಬಂತೆಂದು ಕ್ಲೈಡೆಲ್ ಚಿಕ್ಕಮ್ಮನಿಗೆ ಹೇಳಿಬಿಟ್ಟಿದ್ದ. ಚಿಕ್ಕಮ್ಮ ಕೂದಲು ನೇರ ಮಾಡಿಸಿಕೊಳ್ಳಲು ಹೋದವಳು ಪಕ್ಕದ ಕುರ್ಚಿಯಲ್ಲಿದ್ದ ಮಿಸೆಸ್ ಪೆಟಿಫರ್ಡ್‌ಗೆ ಮನಸಾರೆ ಕೃತಜ್ಞತೆ ಹೇಳಿದಳು: ನಿಮ್ಮ ಯಜಮಾನರದು ಎಂಥ ದೊಡ್ಡ ಮನಸ್ಸು ಸಿಸ್ಟರ್, ಬಡಹುಡುಗರಿಗೆ ಸೂಟು ಕೊಟ್ಟರಲ್ಲ, ದೇವರು ಅವರನ್ನು ಚೆನ್ನಾಗಿಟ್ಟಿರಲಿ ಎಂದು. ಹದಿನೈದು ನಿಮಿಷದಲ್ಲಿ ಸುದ್ದಿ ಡೀಕನ್‌ಗೆ ಮುಟ್ಟಿತು. ಎರಡು ಹತ್ತಕ್ಕೆ ಅವರು ಥಿಯೇಟರಿನ ಮುಂದಿನ ಸಾಲಿನಲ್ಲಿ, ಟೋಪಿ ಮಂಡಿಯ ಮೇಲಿಟ್ಟುಕೊಂಡು ಕುಳಿತಿದ್ದರು. ಅವರ ಹಿಂದೆ ಒಡೆಸ್ಸಾ ಚಿಕ್ಕಮ್ಮ, ಅವಳ ಎಡಬಲಕ್ಕೆ ಬಿಳಿ ಕೈಗವಸಿನ ಚರ್ಚಿನ ಹೆಂಗಸರು ಒಂಬತ್ತು ಜನ.

ನಾಲ್ವರೂ ಏಡಿಗಳಂತೆ ಅಡ್ಡಡ್ಡ ಸರಿದು ವೇದಿಕೆಗೆ ಬಂದರು. ಸಭೆ ಗಂಭೀರವಾಗಿ ನೋಡಿತು. ಥರ್ಮನ್ ಒಂದು ವಿಷಯ ಮರೆತಿದ್ದ: ವಾದ್ಯದವರು ಕೂರುವುದು ಹಾಡುಗಾರರ ಹಿಂದೆ. ಡ್ರಮ್ಮಿನವನು ತಲೆಯೆತ್ತಿದ, ಹೊರೇಸ್‌ನ ಬೆನ್ನ ಕೆಳಗಿನ ಗಿರಣಿಯ ಹೆಸರನ್ನು ಓದಿದ, ನಗು ತಡೆಯಲು ತುಟಿ ಕಚ್ಚಿದ. ಕೈ ಸೋತಿತು. ಓಡುವ ಕುದುರೆಯಂತೆ ಶುರುವಾಗಬೇಕಿದ್ದ ಹಾಡು ಮೆರವಣಿಗೆಯಂತೆ ನಿಧಾನವಾಗಿ ಹೊರಟಿತು.

ಕ್ಲೈಡೆಲ್‌ಗೆ ಬೇರೆ ದಾರಿಯಿರಲಿಲ್ಲ. ಪ್ರತಿ ಪದವನ್ನೂ ಎಳೆದ, ನಿಲ್ಲಿಸಿದ, ನರಳಿದ. ಬಿಟ್ಟು ಹೋದವಳನ್ನು ಕುರಿತ ಮಾಮೂಲು ಹಾಡು ಯಾರದೋ ಎದೆ ಒಡೆದ ಸುದ್ದಿಯಂತೆ ಕೇಳತೊಡಗಿತು. ಹೆಂಗಸರು ಕರವಸ್ತ್ರ ತೆಗೆದರು. ಆಗ ಥರ್ಮನ್‌ನ ಕಣ್ಣು ಮುಂದಿನ ಸಾಲಿಗೆ ಹೋಯಿತು. ಮಿಸ್ಟರ್ ಪೆಟಿಫರ್ಡ್ ರೆಪ್ಪೆ ಮಿಟುಕಿಸದೆ ಅವನ ಕಾಲರನ್ನೇ ನೋಡುತ್ತಿದ್ದರು. ಥರ್ಮನ್‌ನ ಗಂಟಲಿನಿಂದ, ಅವನೂ ಎಂದೂ ಕೇಳಿರದ ಒಂದು ಕಳ್ಳದನಿ ಹೊರಬಿತ್ತು. ಬಾಣದಂತೆ ಮೇಲಕ್ಕೇರಿ ಚಾವಣಿ ಮುಟ್ಟಿ ಅಲ್ಲೇ ನಿಂತಿತು. ಡೀಕನ್ ಕಣ್ಣು ತೆಗೆಯುವವರೆಗೆ ಇಳಿಯಲಿಲ್ಲ. ಬಾಲ್ಕನಿಯಲ್ಲಿ ಒಬ್ಬಳು ಮೂರ್ಛೆ ಹೋದಳು.

ನಾಲ್ವರೂ ಕೈಮುಗಿದವರಂತೆ ಬಾಗಿ, ಹಿಂದೆ ಹಿಂದೆ ನಡೆದು ಮರೆಯಾದರು. ಚಪ್ಪಾಳೆ ನಿಲ್ಲಲು ನಾಲ್ಕು ನಿಮಿಷ ಹಿಡಿಯಿತು.

ಹಿಂದಿನ ಕೋಣೆಯಲ್ಲಿ ನಾಲ್ವರೂ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು. ಮಿಸೆಸ್ ಗೇನ್ಸ್ ಒಳಗೆ ಬಂದರು, ಕಣ್ಣು ಒದ್ದೆಯಾಗಿತ್ತು.

"ಎಲ್ಲರೂ ಬುಗುರಿ ತಿರುಗಿದ ಹಾಗೆ ತಿರುಗ್ತಾರೆ. ನೋಡಿ ನೋಡಿ ತಲೆ ಸುತ್ತು ಬಂದಿದೆ ನನಗೆ," ಎಂದರು. "ಜನಕ್ಕೆ ಒಂದು ಸಲಾನೂ ಬೆನ್ನು ತೋರಿಸ್ಲಿಲ್ಲ ನೀವು. ಇದನ್ನ ಬಿಡಬೇಡಿ, ಯಾವತ್ತೂ." ಕಂಪನಿಗೆ ನೀವು ಬೇಕು ಎಂದರು. ಆದರೆ ಇಬ್ಬರಿಗೆ ಇಪ್ಪತ್ತೊಂದು ತುಂಬಿಲ್ಲ, ಕರಾರಿಗೆ ಹಿರಿಯರೊಬ್ಬರು ಸಹಿ ಹಾಕಬೇಕು. ನಿಮ್ಮನ್ನು ನೋಡಿಕೊಳ್ಳುವವರು ಯಾರು, ಇಷ್ಟು ಘನತೆಯ ಸೂಟು ಆರಿಸಿದವರು ಯಾರು ಎಂದು ಕೇಳಿದರು.

ಬಾಗಿಲಲ್ಲಿ ಮಿಸ್ಟರ್ ಪೆಟಿಫರ್ಡ್ ನಿಂತಿದ್ದರು. ಥರ್ಮನ್ ಇದೇ ಸಮಯವೆಂದು ನಿರ್ಧರಿಸಿ, ಎದೆ ಸೆಟೆಸಿ, ಬಾಯಿಪಾಠದ ಮಾತು ತೆಗೆದ. "ಯಜಮಾನ್ರೇ, ಸೋಮವಾರದಿಂದ ನಾನು..."

ಪೆಟಿಫರ್ಡ್ ಕೈಯೆತ್ತಿ ಅವನನ್ನು ತಡೆದರು. ಸತ್ತವರ ಮನೆಯವರನ್ನು ಸಂತೈಸುವ ಅದೇ ಮೆತ್ತನೆಯ ದನಿಯಲ್ಲಿ ಮಿಸೆಸ್ ಗೇನ್ಸ್‌ಗೆ ಹೇಳಿದರು: "ಸೂಟು ನನ್ನ ಆಯ್ಕೆ, ತಾಯಿ. ಇಪ್ಪತ್ತೇಳು ವರ್ಷದಿಂದ ಜನ ಅಳೋದನ್ನ ನೋಡ್ತಿದೀನಿ. ಇಷ್ಟು ಜನ ಒಟ್ಟಿಗೆ ಅತ್ತದ್ದು ಇವತ್ತೇ ನೋಡಿದ್ದು. ಈ ಹುಡುಗರ ಜವಾಬ್ದಾರಿ ನನ್ನದು."

ಪೆನ್ನು ಅವರ ಜೇಬಿನಲ್ಲೇ ಇತ್ತು. ಕ್ಲೈಡೆಲ್, ಹೊರೇಸ್, ಲೆವಿ ಒಬ್ಬರ ಮೇಲೊಬ್ಬರು ಬಿದ್ದು ಸಹಿ ಹಾಕಿದರು. ಥರ್ಮನ್‌ನ ಕೈಗೂ ಯಾರೋ ಪೆನ್ನು ತುರುಕಿದರು.

ಜೂನ್‌ನಲ್ಲಿ ಹನ್ನೊಂದು ಊರುಗಳಲ್ಲಿ ಕಾರ್ಯಕ್ರಮ, ಓಡಾಟಕ್ಕೆ ಗಾಡಿ ಇದೆಯೇ ಎಂದು ಮಿಸೆಸ್ ಗೇನ್ಸ್ ವಿಚಾರಿಸಿದರು.

"ಉದ್ದನೆಯದೇ ಇದೆ," ಎಂದರು ಪೆಟಿಫರ್ಡ್. "ಹಿಂದೆ ಕಾಲು ಚಾಚಿ ಮಲಗಬಹುದು. ಮಲಗಿದವರು ಇವತ್ತಿನವರೆಗೆ ಯಾರೂ ದೂರು ಹೇಳಿಲ್ಲ."

ಓಡಿಸುವವರು ಯಾರೆಂದು ಮಿಸೆಸ್ ಗೇನ್ಸ್ ಕೇಳುವ ಮೊದಲೇ ಮೂವರೂ ಥರ್ಮನ್‌ನತ್ತ ನೋಡಿದರು.

ಮಿಸೆಸ್ ಗೇನ್ಸ್ ಹೋದ ಮೇಲೆ ಪೆಟಿಫರ್ಡ್ ಟೋಪಿ ಹಾಕಿಕೊಂಡು ಅವನ ಭುಜ ತಟ್ಟಿದರು.

"ಸೋಮವಾರ ಎಂದಿನ ಹಾಗೆ ಏಳಕ್ಕೆ ಬರಬೇಡ ಮಗು," ಎಂದರು. "ಐದಕ್ಕೆ ಬಾ. ಇನ್ಮೇಲೆ ಬದುಕಿರೋರು ಹತ್ತೋ ಗಾಡಿ. ಒಳಗೂ ತೊಳೀಬೇಕಾಗುತ್ತೆ."